ಅಂಕವನ್ನು ಸೆಕೆಂಡಿನಿಂದ ಭಾಗಿಸಿದಾಗ

ಎದುರಿಗೆ ಆರು ರಟ್ಟಿನ ಗುರಿಗಳು. ಕೆಲವು ಹತ್ತಿರ, ಕೆಲವು ದೂರ, ಒಂದು ಮರದ ತಡಿಕೆಯ ಹಿಂದೆ ಅರ್ಧ ಮರೆಯಾಗಿದೆ. ಪ್ರತಿ ಗುರಿಗೂ ಎರಡೆರಡು ಗುಂಡು ಹೊಡೆಯಬೇಕು. ನಡುವಿನ 'ಎ' ವಲಯಕ್ಕೆ ಬಿದ್ದರೆ 5 ಅಂಕ, ಸುತ್ತಲಿನ 'ಸಿ'ಗೆ 3, ಅಂಚಿನ 'ಡಿ'ಗೆ 1. ರಟ್ಟನ್ನೇ ಮುಟ್ಟದಿದ್ದರೆ 10 ಅಂಕ ಕಡಿತ. ತೀರ್ಪುಗಾರನ ಕೈಯಲ್ಲಿರುವ ಪುಟ್ಟ ಟೈಮರ್ 'ಪೀಂ' ಎಂದ ಕ್ಷಣದಿಂದ ಗಡಿಯಾರ ಶುರು. ಅದರೊಳಗಿನ ಮೈಕು ಪ್ರತಿ ಸದ್ದನ್ನೂ ಕೇಳಿಸಿಕೊಂಡು, ಕೊನೆಯ ಗುಂಡಿನ ಹೊತ್ತನ್ನು ಸೆಕೆಂಡಿನ ನೂರನೇ ಒಂದಂಶದವರೆಗೆ ಬರೆದಿಡುತ್ತದೆ.

ಮೊದಲನೆಯವನು ನಿಧಾನಸ್ಥ. ಹನ್ನೆರಡು ಗುಂಡೂ 'ಎ', 60ಕ್ಕೆ 60, ಹೊತ್ತು 15 ಸೆಕೆಂಡು. ಎರಡನೆಯವಳು ಎಂಟು 'ಎ', ನಾಲ್ಕು 'ಸಿ' ಹೊಡೆದಳು: 52 ಅಂಕ, 11 ಸೆಕೆಂಡು. ಮೂರನೆಯವನು 9 ಸೆಕೆಂಡಿಗೇ ಮುಗಿಸಿಬಿಟ್ಟ, ಆದರೆ ಏಳು 'ಎ', ಎರಡು 'ಸಿ', ಎರಡು 'ಡಿ', ಒಂದು ಪೂರ್ತಿ ತಪ್ಪು. ದಂಡ ಕಳೆದರೆ ಅವನಿಗೆ ಉಳಿದದ್ದು 33. ಗೆದ್ದವರು ಯಾರು?

ಪ್ರಾಕ್ಟಿಕಲ್ ಪಿಸ್ತೂಲ್ ಶೂಟಿಂಗ್ ಎಂಬ ಆಟದ ಜೀವ ಈ ಪ್ರಶ್ನೆಯಲ್ಲಿದೆ. ಇಲ್ಲಿ ಅಂಕವನ್ನು ಸೆಕೆಂಡಿನಿಂದ ಭಾಗಿಸುತ್ತಾರೆ. ಬಂದ ಭಾಗಲಬ್ಧಕ್ಕೆ 'ಹಿಟ್ ಫ್ಯಾಕ್ಟರ್' ಎಂದು ಹೆಸರು. ಮೊದಲನೆಯವನಿಗೆ 4.00, ಎರಡನೆಯವಳಿಗೆ 4.73, ಮೂರನೆಯವನಿಗೆ 3.67. ಒಂದೂ ತಪ್ಪದವನು ಸೋತ, ಎಲ್ಲರಿಗಿಂತ ಬೇಗ ಮುಗಿಸಿದವನೂ ಸೋತ.

'ಅವಸರವೇ ಅಪಘಾತಕ್ಕೆ ಕಾರಣ' ಎಂದು ಲಾರಿಯ ಹಿಂಬದಿಯಲ್ಲಿ ಓದಿ ಬೆಳೆದ ನಮಗೆ ವೇಗ ಮತ್ತು ನಿಖರತೆಯ ನಡುವೆ ಒಂದು ನೈತಿಕ ಜಗಳವಿದೆ ಅನ್ನಿಸಿರುತ್ತದೆ. ಈ ಆಟ ಆ ಜಗಳವನ್ನು ಬರಿಯ ಲೆಕ್ಕಕ್ಕೆ ಇಳಿಸುತ್ತದೆ. ಹಿಟ್ ಫ್ಯಾಕ್ಟರ್ 5 ಇದ್ದರೆ ಒಂದು ಸೆಕೆಂಡಿನ ಬೆಲೆ 5 ಅಂಕ. 'ಎ' ತಪ್ಪಿ 'ಸಿ'ಗೆ ಬಿದ್ದರೆ ನಷ್ಟ 2 ಅಂಕ, ಅಂದರೆ 0.4 ಸೆಕೆಂಡು. ಆ ಗುಂಡನ್ನು 'ಎ'ಗೆ ತರಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದಾದರೆ 'ಸಿ'ಯೇ ಲಾಭ. ಗುರಿಗಳೆಲ್ಲ ಮೂಗಿನ ಮುಂದೆಯೇ ಇದ್ದು ಹಿಟ್ ಫ್ಯಾಕ್ಟರ್ 10ಕ್ಕೆ ಏರಿದರೆ ಅದೇ 2 ಅಂಕದ ಬೆಲೆ 0.2 ಸೆಕೆಂಡಿಗೆ ಇಳಿಯುತ್ತದೆ. ಗುರಿಗಳು ದೂರವಾಗಿ ಅದು 2.5ಕ್ಕೆ ಬಿದ್ದರೆ 0.8 ಸೆಕೆಂಡು ಕಾಯಬಹುದು. ಪಿಯುಸಿಯಲ್ಲಿ ಅವಕಲನ ಕಲಿತವರಿಗೆ ಇದು ಗುರುತು ಹತ್ತೀತು: ಭಿನ್ನರಾಶಿಯೊಂದು ಗರಿಷ್ಠವಾಗುವುದು, ಇನ್ನೊಂದಿಷ್ಟು ಹೊತ್ತು ಸುರಿದರೆ ಸಿಗುವ ಅಂಕದ ದರ ಈಗಿರುವ ಸರಾಸರಿ ದರಕ್ಕೆ ಸಮವಾದಾಗ.

ಲೆಕ್ಕದ ಹಿಂದೆ ದೇಹದ ನಿಯಮವೊಂದಿದೆ. 1954ರಲ್ಲಿ ಅಮೆರಿಕದ ಮನೋವಿಜ್ಞಾನಿ ಪಾಲ್ ಫಿಟ್ಸ್ ಜನರ ಕೈಗೆ ಲೋಹದ ಕಡ್ಡಿ ಕೊಟ್ಟು, ಎರಡು ತಗಡಿನ ಪಟ್ಟಿಗಳನ್ನು ಆದಷ್ಟು ಬೇಗ ಒಂದಾದ ಮೇಲೊಂದರಂತೆ ಮುಟ್ಟಿರೆಂದರು. ಪಟ್ಟಿಗಳ ನಡುವಿನ ದೂರ ಇಮ್ಮಡಿಯಾದಾಗ ಹಿಡಿಯುವ ಹೊತ್ತು ಇಮ್ಮಡಿಯಾಗಲಿಲ್ಲ. ಒಂದು ನಿಗದಿತ ಪ್ರಮಾಣದಷ್ಟೇ ಹೆಚ್ಚಿತು. ಪಟ್ಟಿಯ ಅಗಲ ಅರ್ಧವಾದಾಗಲೂ ಅಷ್ಟೇ ಹೆಚ್ಚಿತು. ಮೌಸ್ ಹಿಡಿದು ಪರದೆಯ ಗುಂಡಿ ಒತ್ತುವುದಕ್ಕೂ ಒಂದು ಗುರಿಯಿಂದ ಇನ್ನೊಂದಕ್ಕೆ ಪಿಸ್ತೂಲು ತಿರುಗಿಸುವುದಕ್ಕೂ ಫಿಟ್ಸ್ ನಿಯಮ ಸರಿಸುಮಾರು ಹೊಂದುತ್ತದೆ. ಅಭ್ಯಾಸದಿಂದ ಆ ಪ್ರಮಾಣವನ್ನು ಕಿರಿದು ಮಾಡಬಹುದು, ಇಲ್ಲವಾಗಿಸಲು ಆಗದು.

ಆಟದ ಹುಟ್ಟು ಕ್ಯಾಲಿಫೋರ್ನಿಯಾದಲ್ಲಿ. 1950ರ ದಶಕದ ಕೊನೆಯಲ್ಲಿ ಬಿಗ್ ಬೇರ್ ಎಂಬಲ್ಲಿ ನಡೆಯುತ್ತಿದ್ದ, ಸೊಂಟದಿಂದ ಪಿಸ್ತೂಲು ಎಳೆದು ಹೊಡೆಯುವ ಪಂದ್ಯಗಳಿಂದ ಅದು ಬೆಳೆಯಿತು. ಅವುಗಳ ಮುಂದಾಳು ಜೆಫ್ ಕೂಪರ್ 1976ರಲ್ಲಿ ಅಂತರರಾಷ್ಟ್ರೀಯ ಸಂಘಟನೆ ಐಪಿಎಸ್‌ಸಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದರು. ನಿಖರತೆ, ಬಲ, ವೇಗ ಎಂಬ ಅರ್ಥದ ಮೂರು ಲ್ಯಾಟಿನ್ ಪದಗಳು ಅದರ ಧ್ಯೇಯವಾಕ್ಯ.

ನಡುವಿನ ಆ 'ಬಲ' ಏಕೆ? ಸ್ಪರ್ಧಿ ಜಾಣನಾದರೆ ತೋಟಾದಲ್ಲಿ ಮದ್ದು ಕಡಿಮೆ ತುಂಬಿಕೊಂಡು ಬಂದಾನು. ಪಿಸ್ತೂಲು ಒದೆಯದಿದ್ದರೆ ವೇಗವಾಗಿ ಹೊಡೆಯುವುದು ಸುಲಭ. ಹಾಗಾಗದಂತೆ ಗುಂಡಿನ ತೂಕ ಮತ್ತು ವೇಗ ಗುಣಿಸಿ ಕನಿಷ್ಠ ಮಿತಿ ಇಟ್ಟಿದ್ದಾರೆ. ತೂಕ ಗ್ರೇನಿನಲ್ಲಿ, ವೇಗ ಸೆಕೆಂಡಿಗೆ ಇಷ್ಟು ಅಡಿ ಎಂದು, ಗುಣಲಬ್ಧವನ್ನು 1000ದಿಂದ ಭಾಗಿಸಿದರೆ 125ಕ್ಕೆ ಕಡಿಮೆ ಇರಬಾರದು. ಇದು ಶಾಲೆಯಲ್ಲಿ ಓದಿದ ಸಂವೇಗವೇ. ಮೆಟ್ರಿಕ್ ಲೆಕ್ಕಕ್ಕೆ ತಂದರೆ ಸೆಕೆಂಡಿಗೆ ಸುಮಾರು 2.5 ಕಿಲೋಗ್ರಾಂ ಮೀಟರ್. ಗಂಟೆಗೆ 55 ಕಿ.ಮೀ. ವೇಗದಲ್ಲಿ ಬಂದ ಕ್ರಿಕೆಟ್ ಚೆಂಡನ್ನು ಹಿಡಿದಾಗ ಅಂಗೈಗೆ ತಾಗುವ ಸಂವೇಗವೂ ಇಷ್ಟೇ. ಊರ ಹುಡುಗರು ದಿನವೂ ಬರಿಗೈಯಲ್ಲಿ ಹಿಡಿಯುವ ಕ್ಯಾಚು! ಹಾಗಾದರೆ ಪಿಸ್ತೂಲಿನ ಒದೆತಕ್ಕೆ ಮನುಷ್ಯ ಅಷ್ಟೊಂದು ಬೆಚ್ಚುವುದೇಕೆ?

ಸ್ವಲ್ಪ ಲೆಕ್ಕ ಹಾಕೋಣ. 9 ಮಿ.ಮೀ. ಪಿಸ್ತೂಲಿನ ಗುಂಡು ಸುಮಾರು 8 ಗ್ರಾಂ, ವೇಗ ಸೆಕೆಂಡಿಗೆ 350 ಮೀಟರ್ ಎನ್ನಿ. ಪಿಸ್ತೂಲಿನ ತೂಕ 1 ಕಿಲೋ. ನ್ಯೂಟನ್ನನ ಮೂರನೇ ನಿಯಮದಂತೆ ಪಿಸ್ತೂಲು ಸೆಕೆಂಡಿಗೆ 2.8 ಮೀಟರ್ ವೇಗದಲ್ಲಿ ಹಿಂದಕ್ಕೆ ಹೊರಡುತ್ತದೆ. ನುಗ್ಗುವ ಅನಿಲವನ್ನೂ ಸೇರಿಸಿದರೆ ಇನ್ನೂ ಸ್ವಲ್ಪ ಹೆಚ್ಚು. ಸಂವೇಗ ಎರಡಕ್ಕೂ ಸಮ, ಆದರೆ ಶಕ್ತಿಯ ಹಂಚಿಕೆ ಸಮವಲ್ಲ. ಗುಂಡಿಗೆ 490 ಜೂಲ್, ಪಿಸ್ತೂಲಿಗೆ 4 ಜೂಲ್. ಎದುರಿನ ಗುರಿಗೆ ಮಾರಕವಾದದ್ದು ಹಿಡಿದವನ ಕೈಗೆ ಕ್ಯಾಚು ಮಾತ್ರವಾಗುವ ಗುಟ್ಟು ಇದು.

ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದು. ನಳಿಗೆಯ ಉದ್ದ 11 ಸೆಂಟಿಮೀಟರ್. ಅದನ್ನು ದಾಟಲು ಗುಂಡಿಗೆ ಒಂದು ಮಿಲಿಸೆಕೆಂಡೂ ಬೇಡ. ಅಷ್ಟರಲ್ಲಿ ಪಿಸ್ತೂಲು ಹಿಂದಕ್ಕೆ ಸರಿದಿರುವುದು ಒಂದು ಮಿಲಿಮೀಟರಿಗೂ ಕಡಿಮೆ. ಮೂತಿ ಮೇಲಕ್ಕೆ ಎಗರುವುದು, ತೋಳು ಅದುರುವುದು, ಸಿನಿಮಾದಲ್ಲಿ ಕಾಣುವ ಆ ಎಲ್ಲ ಅಬ್ಬರ ನಡೆಯುವುದು ಗುಂಡು ನಳಿಗೆ ಬಿಟ್ಟು ಹೋದ ಮೇಲೆ. ಎಂದಮೇಲೆ ಈ ಗುಂಡಿನ ಗುರಿ ತಪ್ಪಿಸುವ ಶಕ್ತಿ ಈ ಗುಂಡಿನ ಒದೆತಕ್ಕೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಗುರಿ ತಪ್ಪಿಸುವುದು ಒದೆತದ ನಿರೀಕ್ಷೆ. 150 ಡೆಸಿಬೆಲ್‌ಗೂ ಮೀರಿದ ಸದ್ದು, ಮುಖದೆದುರಿನ ಬೆಂಕಿ, ಕೈಗೆ ತಾಗುವ ಏಟು ಇವನ್ನು ನಾಲ್ಕಾರು ಸಲ ಅನುಭವಿಸಿದ ನರಮಂಡಲ ಬಹುಬೇಗ ಪಾಠ ಕಲಿತುಬಿಡುತ್ತದೆ: ಬೆರಳು ಟ್ರಿಗರ್ ಎಳೆಯುತ್ತಿದೆ ಎಂದರೆ ಏಟು ಬರಲಿದೆ, ಮೊದಲೇ ಎದುರೊತ್ತು. ಆಗ ಮಣಿಕಟ್ಟು ಕೆಳಕ್ಕೆ ಬಾಗುತ್ತದೆ, ಕಣ್ಣು ಮುಚ್ಚುತ್ತದೆ, ಗುಂಡು ಗುರಿಯ ಕೆಳಗೆ ಮಣ್ಣಿಗೆ ಹೋಗುತ್ತದೆ. ಹೊಡೆದವನಿಗೆ ಇದರ ಅರಿವೇ ಇರುವುದಿಲ್ಲ, ಏಕೆಂದರೆ ಮರುಕ್ಷಣದ ನಿಜವಾದ ಒದೆತ ಅವನ ಕಳ್ಳತನವನ್ನು ಮುಚ್ಚಿಹಾಕುತ್ತದೆ. ಇದನ್ನು ಹಿಡಿಯಲು ತರಬೇತುದಾರರು ಮ್ಯಾಗಜೀನಿನಲ್ಲಿ ಅಲ್ಲೊಂದು ಇಲ್ಲೊಂದು ಮದ್ದಿಲ್ಲದ ಡಮ್ಮಿ ತೋಟಾ ಸೇರಿಸಿಬಿಡುತ್ತಾರೆ. 'ಟಕ್' ಎಂದಾಗ ಸದ್ದಿಲ್ಲ, ಒದೆತವಿಲ್ಲ. ಆದರೂ ಮೂತಿ ಎರಡು ಬೆರಳು ಕೆಳಕ್ಕೆ ಕುಸಿದದ್ದು ಎಲ್ಲರಿಗೂ ಕಾಣುತ್ತದೆ.

ಇಡೀ ಆಟದಲ್ಲಿ ನನಗೆ ಅತಿ ಮೆಚ್ಚಿನ ಪ್ರಯೋಗ ಇದೇ. ಖರ್ಚಿಲ್ಲ, ಯಂತ್ರವಿಲ್ಲ, ಮೆದುಳು ಭವಿಷ್ಯವನ್ನು ಊಹಿಸಿ ದೇಹವನ್ನು ಮೊದಲೇ ನಡೆಸಿಬಿಡುವುದನ್ನು ಕಣ್ಣಾರೆ ಕಾಣಬಹುದು.

ಇನ್ನು ಕೈ ನಡುಕ. ನಡುಗದ ಕೈ ಯಾರಿಗೂ ಇಲ್ಲ. ಆರೋಗ್ಯವಂತರ ಕೈಯೂ ಸೆಕೆಂಡಿಗೆ 8ರಿಂದ 12 ಸಲ ಸೂಕ್ಷ್ಮವಾಗಿ ಅದುರುತ್ತಿರುತ್ತದೆ. ಇದನ್ನು ಔಷಧಿಯಿಂದ ತಗ್ಗಿಸಲು ಹೋದವರೂ ಉಂಟು: 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಕಿಮ್ ಜಾಂಗ್-ಸು ಪಿಸ್ತೂಲಿನಲ್ಲಿ ಗೆದ್ದ ಎರಡು ಪದಕಗಳನ್ನು ಪ್ರೊಪ್ರನೊಲಾಲ್ ಸೇವನೆಗಾಗಿ ಕಳೆದುಕೊಂಡರು. ಅದು ರಕ್ತದೊತ್ತಡಕ್ಕೆ ನಮ್ಮೂರ ಔಷಧಿ ಅಂಗಡಿಯಲ್ಲೂ ಚೀಟಿ ತೋರಿಸಿ ಕೊಳ್ಳುವ ಮಾತ್ರೆ. ಎದೆಬಡಿತವನ್ನೂ ನಡುಕವನ್ನೂ ತಗ್ಗಿಸುತ್ತದೆ.

ಆದರೆ ನಡುಕಕ್ಕೆ ಹೊಸಬರು ಹೆದರುವಷ್ಟು ಹೆದರಬೇಕಿಲ್ಲ. ಇಡೀ ಪಿಸ್ತೂಲು ಓರೆಯಾಗದೆ ಒಂದು ಸೆಂಟಿಮೀಟರ್ ಬಲಕ್ಕೆ ಸರಿದರೆ ಗುಂಡೂ ಒಂದು ಸೆಂಟಿಮೀಟರ್ ಬಲಕ್ಕೆ ಬೀಳುತ್ತದೆ, ಅಷ್ಟೇ. ದೊಡ್ಡ ನಷ್ಟ ಆಗುವುದು ಕೋನ ತಪ್ಪಿದಾಗ. ಗುರಿ ಹಿಡಿಯಲೆಂದು ಪಿಸ್ತೂಲಿನ ಮೇಲಿರುವ ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ 16 ಸೆಂಟಿಮೀಟರ್ ಇದೆ ಎನ್ನಿ. ಮುಂದಿನ ಸೈಟು ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ವಾಲಿದರೆ 10 ಮೀಟರ್ ಆಚೆ ಗುಂಡು 6 ಸೆಂಟಿಮೀಟರಿಗೂ ಹೆಚ್ಚು ಪಕ್ಕಕ್ಕೆ ಹೋಗುತ್ತದೆ. ಅದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ವೇಗದ ಗುಟ್ಟೂ ಸಿಗುತ್ತದೆ. 'ಎ' ವಲಯದ ಅಗಲ ಸುಮಾರು 15 ಸೆಂಟಿಮೀಟರ್. ಗುರಿ 5 ಮೀಟರಿನಲ್ಲಿದ್ದರೆ ಮುಂದಿನ ಸೈಟು 2 ಮಿಲಿಮೀಟರ್ ಓರೆಯಾಗಿದ್ದರೂ ಗುಂಡು 'ಎ' ಒಳಗೇ. 25 ಮೀಟರಿನಲ್ಲಾದರೆ ಅರ್ಧ ಮಿಲಿಮೀಟರ್ ಕೂಡ ಹೆಚ್ಚಾಯಿತು. ನುರಿತ ಸ್ಪರ್ಧಿ ಹತ್ತಿರದ ಗುರಿಗೆ ಸೈಟುಗಳನ್ನು ನೆಟ್ಟಗೆ ಜೋಡಿಸುತ್ತ ಕೂರುವುದಿಲ್ಲ. ಒಂದು ಮಿಂಚುನೋಟ ಸಾಕು. ದೂರದ್ದಕ್ಕೆ ಮಾತ್ರ ಉಸಿರು ಹಿಡಿದು ಕಾಯುತ್ತಾನೆ. ಎಷ್ಟು ಕಂಡರೆ ಸಾಕು ಎಂಬುದನ್ನು ಗುರಿಯಿಂದ ಗುರಿಗೆ ಬದಲಿಸಿಕೊಳ್ಳುವ ಈ ಜಾಣ್ಮೆಯೇ ಮೇಲಿನ ಲೆಕ್ಕದ ಎರಡನೆಯವಳನ್ನು ಗೆಲ್ಲಿಸಿದ್ದು.

ಒಂದು ಗುಂಡಿಗೂ ಮುಂದಿನದಕ್ಕೂ ಸೆಕೆಂಡಿನ ಐದನೇ ಒಂದು ಭಾಗವಷ್ಟೇ ಅಂತರವಿದ್ದಾಗ ರಟ್ಟಿನಲ್ಲಿ ತೂತು ಎಲ್ಲಿ ಬಿತ್ತೆಂದು ನೋಡಿ, ತಿದ್ದಿಕೊಂಡು, ಮತ್ತೆ ಹೊಡೆಯಲು ಹೊತ್ತಿಲ್ಲ. ಕಣ್ಣಿಗೆ ಬಿದ್ದದ್ದಕ್ಕೆ ಬೆರಳು ಉತ್ತರ ಕೊಡಲೇ ಅಷ್ಟು ಸಮಯ ಬೇಕು. ಹಾಗಾಗಿ ಪಳಗಿದವರು ತೂತು ನೋಡುವುದೇ ಇಲ್ಲ. ಗುಂಡು ಹೊರಟ ಕ್ಷಣದಲ್ಲಿ ಸೈಟು ಎಲ್ಲಿತ್ತು ಎಂಬ ನೆನಪಿನಿಂದಲೇ 'ಇದು ಸಿ, ಎಡಕ್ಕೆ' ಎಂದು ಹೇಳಿಬಿಡುತ್ತಾರೆ.

ಕಣ್ಣು ಎಲ್ಲಿರಬೇಕು ಎಂಬ ಈ ಮಾತಿಗೆ ಬೇಲೂರಿನ ಕಡೆ ಒಂದು ನೋಟ ಹರಿಸಬೇಕು. 1117ರಲ್ಲಿ ಪ್ರತಿಷ್ಠಾಪನೆಗೊಂಡ ಚೆನ್ನಕೇಶವ ದೇವಾಲಯದ ಹೊರಗೋಡೆಯಲ್ಲಿ ಅರ್ಜುನ ಮತ್ಸ್ಯಯಂತ್ರ ಭೇದಿಸುತ್ತಿದ್ದಾನೆ. ಅವನದೇ ಇನ್ನೊಂದು ಕಥೆ ಎಲ್ಲರಿಗೂ ಗೊತ್ತು: ಮರದ ಮೇಲಿನ ಹಕ್ಕಿ ತೋರಿಸಿ ದ್ರೋಣರು 'ಏನು ಕಾಣುತ್ತಿದೆ' ಎಂದು ಕೇಳಿದಾಗ ಉಳಿದವರೆಲ್ಲ ಮರ, ಎಲೆ, ಅಣ್ಣತಮ್ಮಂದಿರ ಪಟ್ಟಿ ಕೊಟ್ಟರು, ಅರ್ಜುನ ಮಾತ್ರ ಹಕ್ಕಿಯನ್ನಲ್ಲದೆ ಬೇರೇನೂ ಕಾಣೆ ಎಂದ. ಸೈಟಿಲ್ಲದ ಬಿಲ್ಲಿಗೆ ಇದು ಸರಿಯಾದ ಉತ್ತರ. ಲೋಹದ ಸೈಟಿರುವ ಪಿಸ್ತೂಲು ಹಿಡಿದು ದೂರದ ಗುರಿಗೆ ಹೀಗೆ ಹೊಡೆದರೆ ಅರ್ಜುನನೂ ಸೋಲುತ್ತಿದ್ದ.

ಕಾರಣ ಕಣ್ಣಿನ ಮಸೂರ. ಅದು ಒಂದು ಸಲಕ್ಕೆ ಒಂದೇ ದೂರಕ್ಕೆ ಹೊಂದಿಕೊಳ್ಳಬಲ್ಲದು. ಹಿಂದಿನ ಸೈಟು, ತೋಳಳತೆಯ ಮುಂದಿನ ಸೈಟು, 20 ಮೀಟರಿನ ಗುರಿ ಮೂರೂ ಒಟ್ಟಿಗೆ ಸ್ಫುಟವಾಗಿ ಕಾಣುವುದು ಅಸಾಧ್ಯ. ಯಾವುದಾದರೂ ಮಸುಕಾಗಲೇಬೇಕು. ಕೋನದ ತಪ್ಪೇ ದುಬಾರಿ ಎಂದು ಈಗಷ್ಟೇ ಕಂಡೆವಲ್ಲ, ಆದ್ದರಿಂದ ಸ್ಫುಟವಾಗಿ ಕಾಣಬೇಕಾದದ್ದು ಮುಂದಿನ ಸೈಟು. ಗುರಿ ಮಬ್ಬಾಗಿದ್ದರೂ ನಡೆಯುತ್ತದೆ. ಚಾಳೀಸು ಬಂದವರಿಗೆ ತೋಳಳತೆಯ ಸೈಟೇ ಮಸುಕು. ಒಲಿಂಪಿಕ್ ಮಾದರಿಯ ಶೂಟರ್‌ಗಳು ಕನ್ನಡಕಕ್ಕೆ ಸಣ್ಣ ರಂಧ್ರದ ಐರಿಸ್ ಸಿಕ್ಕಿಸಿಕೊಳ್ಳುತ್ತಾರೆ. ಬೆಳಕಿನ ಕಂಡಿ ಕಿರಿದಾದಷ್ಟೂ ಹತ್ತಿರದ್ದು, ದೂರದ್ದು ಎರಡೂ ತಕ್ಕಮಟ್ಟಿಗೆ ಸ್ಪಷ್ಟವಾಗುತ್ತವೆ. ಪ್ರಾಕ್ಟಿಕಲ್ ಆಟದ ಕೆಲವು ವಿಭಾಗಗಳಲ್ಲಿ ಈಗ ರೆಡ್ ಡಾಟ್ ಬಂದಿದೆ. ಗಾಜಿನ ಮೇಲಿನ ಕೆಂಪು ಚುಕ್ಕೆಯ ಬೆಳಕು ಬಹುದೂರದಿಂದ ಬಂದಂತೆ ಸಮಾಂತರವಾಗಿ ಕಣ್ಣು ಸೇರುವುದರಿಂದ ಗುರಿ, ಚುಕ್ಕೆ ಎರಡೂ ಒಟ್ಟಿಗೆ ಸ್ಫುಟ. ನೋಟವನ್ನು ಗುರಿಯ ಮೇಲೇ ನೆಡಬಹುದು. ಒಂಬೈನೂರು ವರ್ಷಗಳ ಹಿಂದೆ ಬೇಲೂರಿನ ಗೋಡೆ ಸೇರಿದ ಬಿಲ್ಲುಗಾರನ ಕ್ರಮವೇ ಬ್ಯಾಟರಿ ಹಾಕಿಕೊಂಡು ವಾಪಸು ಬಂದಿದೆ.

ಕಣ್ಣಿನ ಮಾತಿಗೆ ಕರ್ನಾಟಕದ ಪಿಸ್ತೂಲ್ ಶೂಟರ್ ಪಿ.ಎನ್. ಪ್ರಕಾಶ್ ನೆನಪಾಗುತ್ತಾರೆ. 2013ರಲ್ಲಿ ಚಾಂಗ್ವನ್ ವಿಶ್ವಕಪ್‌ನ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದ ಅವರಿಗೆ, ಅದೇ ವರ್ಷ ಸ್ಪೇನಿನ ಗ್ರನಾಡಾದಲ್ಲಿ ಬೆಲ್ಸ್ ಪಾಲ್ಸಿ ಬಡಿಯಿತು. ಮುಖದ ಒಂದು ಬದಿಯ ನರ ಕೈಕೊಡುವ ಕಾಯಿಲೆ. ರೆಪ್ಪೆ ಸರಿಯಾಗಿ ಮುಚ್ಚದು, ಕಣ್ಣು ಒಣಗುತ್ತದೆ. ಕಣ್ಣನ್ನೇ ನಂಬಿದ ಆಟಕ್ಕೆ ಇದಕ್ಕಿಂತ ಕೆಟ್ಟ ಏಟು ಬೇಕೆ? ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಅವರು ಬೆಳ್ಳಿ ಗೆದ್ದರು. ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದ ಬೆಳ್ಳಿ ಗೆದ್ದ ಟಿ.ಎಸ್. ದಿವ್ಯಾ ಕೂಡ ಬೆಂಗಳೂರಿನವರು.

ಇವರದು ಪ್ರಾಕ್ಟಿಕಲ್ ಆಟವಲ್ಲ, ಅದರ ನಿಧಾನಸ್ಥ ದಾಯಾದಿ. ಏರ್ ಪಿಸ್ತೂಲಿನಲ್ಲಿ 60 ಗುಂಡಿಗೆ 75 ನಿಮಿಷ ಸಿಗುತ್ತದೆ. ಹತ್ತರ ವೃತ್ತದ ವ್ಯಾಸ ಬರೀ 11.5 ಮಿಲಿಮೀಟರ್. ಒಲಿಂಪಿಕ್ಸ್‌ನಲ್ಲಿ ಪ್ರಾಕ್ಟಿಕಲ್‌ಗೆ ಅತಿ ಹತ್ತಿರದ್ದು 25 ಮೀಟರ್ ರ‍್ಯಾಪಿಡ್ ಫೈರ್: ಐದು ಗುರಿಗೆ ಐದು ಗುಂಡು, ಮೊದಲು 8 ಸೆಕೆಂಡಿನಲ್ಲಿ, ಆಮೇಲೆ 6ರಲ್ಲಿ, ಕೊನೆಗೆ 4ರಲ್ಲಿ. 2012ರ ಲಂಡನ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದರಲ್ಲೇ. ಅಲ್ಲಿ ಹೊತ್ತು ಒಂದು ಗೋಡೆ, ದಾಟಿದರೆ ಸೋಲು. ಪ್ರಾಕ್ಟಿಕಲ್‌ನಲ್ಲಿ ಅದು ಭಾಜಕ. ಎಷ್ಟು ಖರ್ಚು ಮಾಡಬೇಕೆಂಬುದು ಸ್ಪರ್ಧಿಯ ಇಷ್ಟ. ನನಗೆ ಎರಡನೆಯದೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ.

ನಮ್ಮ ದೇಶದಲ್ಲಿ ಪ್ರಾಕ್ಟಿಕಲ್ ಆಟ ಬೇರೂರದಿರಲು ಕಾನೂನೂ ಕಾರಣ. ಜಗತ್ತಿನೆಲ್ಲೆಡೆ ಈ ಆಟಕ್ಕೆ ಬಳಸುವ 9 ಮಿ.ಮೀ. ಪಿಸ್ತೂಲು ಇಲ್ಲಿ ಸಾಮಾನ್ಯ ಪರವಾನಗಿದಾರನಿಗೆ ನಿಷಿದ್ಧ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಬೇಲೂರು ಸೀಮೆಯಲ್ಲಿ ಬಂದೂಕು ಎಂದರೆ ಪಿಸ್ತೂಲಲ್ಲ, ಕೋವಿ. ತೋಟ, ಹೊಲ ಕಾಯಲೆಂದು ಪರವಾನಗಿ ಪಡೆದ ಒಂಟಿ ನಳಿಗೆಯದೋ ಜೋಡಿ ನಳಿಗೆಯದೋ ಕೋವಿ. ಚುನಾವಣೆ ಬಂತೆಂದರೆ ಅದೂ ಠಾಣೆಯಲ್ಲಿ ಠೇವಣಿ.

ಹೊರತಾದ ಜಿಲ್ಲೆಯೊಂದು ಪಕ್ಕದಲ್ಲೇ ಇದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿಯಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ನಳಿಗೆಗೆ ಹೂ ಮುಡಿಸಿ ಪೂಜೆ ಮಾಡಿದ ಮೇಲೆ, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಈಡು ಹೊಡೆಯುತ್ತಾರೆ. ಕಾಯಿ ಒಡೆಯಿತು ಅಥವಾ ಒಡೆಯಲಿಲ್ಲ. 'ಎ', 'ಸಿ', 'ಡಿ' ಎಂಬ ತಕರಾರಿಲ್ಲ. ಪ್ರಾಕ್ಟಿಕಲ್ ಆಟದಲ್ಲಿ ಗುಂಡು ತಾಗಿದರೆ ಉರುಳುವ ಉಕ್ಕಿನ ಗುರಿಗಳ ತರ್ಕವೂ ಇದೇ. ಟೈಮರೊಂದನ್ನು ಸೇರಿಸಿದರೆ ತೆಂಗಿನಕಾಯಿ ಪಂದ್ಯವೇ ಆ ಆಟದ ಒಂದು ಸುತ್ತು.

ಬೇಲೂರು ತಾಲ್ಲೂಕಿನ ಹೋಬಳಿ ಕೇಂದ್ರ ಮಾದಿಹಳ್ಳಿಯಂಥ ಊರಿನ ಆಸಕ್ತರಿಗೆ ಸಲೀಸಾಗಿ ತೆರೆದಿರುವ ಬಾಗಿಲು ಏರ್ ಪಿಸ್ತೂಲು. 4.5 ಮಿ.ಮೀ. ಬೋರಿನ, 20 ಜೂಲ್ ಮೀರದ ಗಾಳಿ ಬಂದೂಕಿಗೆ 2016ರ ನಿಯಮಗಳ ಪ್ರಕಾರ ಪರವಾನಗಿ ಬೇಡ. ಅರ್ಧ ಗ್ರಾಮಿನ ಸೀಸದ ಪೆಲೆಟ್, ಸೆಕೆಂಡಿಗೆ 155 ಮೀಟರ್ ವೇಗ, 6 ಜೂಲ್ ಶಕ್ತಿ. 9 ಮಿ.ಮೀ. ಗುಂಡಿನ ಎಂಬತ್ತನೇ ಒಂದು ಭಾಗ. ಹಾಗೆಂದು ಆಟಿಕೆಯಲ್ಲ, ಕಣ್ಣು ಕಳೆಯಲು ಬೇಕಾದಷ್ಟಾಯಿತು. ಪೆಲೆಟ್ 10 ಮೀಟರ್ ಕ್ರಮಿಸಲು 65 ಮಿಲಿಸೆಕೆಂಡು ತೆಗೆದುಕೊಳ್ಳುವುದರಿಂದ ಅಷ್ಟರಲ್ಲಿ ಗುರುತ್ವ ಅದನ್ನು 2 ಸೆಂಟಿಮೀಟರ್ ಕೆಳಗಿಳಿಸಿರುತ್ತದೆ, 9 ಮಿ.ಮೀ. ಗುಂಡು ಅದೇ ದೂರದಲ್ಲಿ ಬೀಳುವುದು 4 ಮಿಲಿಮೀಟರ್. ಸೈಟನ್ನು ಅದಕ್ಕೆ ತಕ್ಕಂತೆ ತಿರುಪಿಕೊಂಡರಾಯಿತು. ಒದೆತವನ್ನು ಮಾತ್ರ ಇದು ಕಲಿಸದು.

ಪ್ರಾಕ್ಟಿಕಲ್ ಪಂದ್ಯಗಳ ಸುರಕ್ಷತಾ ನಿಯಮಗಳು ಏರ್ ಪಿಸ್ತೂಲಿಗೂ ಹಾಗೇ ಅನ್ವಯಿಸುತ್ತವೆ. ಹೊಡೆಯುವ ಕ್ಷಣ ಬಿಟ್ಟರೆ ಬೆರಳು ಟ್ರಿಗರ್ ಕಾವಲಿನ ಹೊರಗೆ. ಮೂತಿ ಸದಾ ಎದುರಿನ ದಿಬ್ಬದ ಕಡೆಗೆ. ಎಡಕ್ಕೋ ಬಲಕ್ಕೋ 90 ಡಿಗ್ರಿ ದಾಟಿತೋ, ಸ್ಪರ್ಧಿ ಎಷ್ಟೇ ದೊಡ್ಡವನಿದ್ದರೂ ಇಡೀ ಪಂದ್ಯದಿಂದಲೇ ಹೊರಕ್ಕೆ. ಪಿಸ್ತೂಲು ಕೈಜಾರಿ ಬಿದ್ದರೂ ಹೊರಕ್ಕೆ. ಅಂಕ ಕಡಿತ, ಎಚ್ಚರಿಕೆ ಇತ್ಯಾದಿ ರಾಜಿಯ ಮಾತೇ ಇಲ್ಲ. ವೇಗಕ್ಕೂ ನಿಖರತೆಗೂ ಬೆಲೆ ಕಟ್ಟಿ ಅದಲುಬದಲು ಮಾಡಲು ಬಿಡುವ ಆಟ ಸುರಕ್ಷತೆಯನ್ನು ಮಾತ್ರ ಮಾರಾಟಕ್ಕಿಟ್ಟಿಲ್ಲ.

ಉಳಿದ ಅಭ್ಯಾಸಕ್ಕೆ ಪೆಲೆಟ್ ಕೂಡ ಬೇಕಿಲ್ಲ. ಪಳಗಿದ ಸ್ಪರ್ಧಿಗಳು ಗುಂಡು ಹಾರಿಸುವುದಕ್ಕಿಂತ ಹೆಚ್ಚು ಸಲ ಖಾಲಿ ಟ್ರಿಗರ್ ಎಳೆದಿರುತ್ತಾರೆ. ಇದಕ್ಕೆ 'ಡ್ರೈ ಫೈರ್' ಎನ್ನುತ್ತಾರೆ. ಪಿಸ್ತೂಲು ಖಾಲಿಯೇ ಎಂದು ಎರಡು ಸಲ ನೋಡಿ, ಪೆಲೆಟ್ ಅಥವಾ ತೋಟಾ ಇನ್ನೊಂದು ಕೋಣೆಯಲ್ಲಿಟ್ಟು, ಗಟ್ಟಿ ಗೋಡೆಗೆ ಸಣ್ಣ ಗುರಿ ಅಂಟಿಸಿಕೊಳ್ಳಬೇಕು. ಗುರಿಯನ್ನು ಹತ್ತನೇ ಒಂದಂಶಕ್ಕೆ ಕುಗ್ಗಿಸಿದರೆ 2 ಮೀಟರಿನ ಗೋಡೆ 20 ಮೀಟರಿನ ಮೈದಾನದ ಕೋನವನ್ನೇ ಕೊಡುತ್ತದೆ. ಟೈಮರಿನಲ್ಲಿ ಎರಡು ಸದ್ದು ಇಟ್ಟುಕೊಳ್ಳಬೇಕು, ಒಂದು ಶುರುವಿಗೆ, ಒಂದು ಗಡುವಿಗೆ. ಮೊದಲು 2 ಸೆಕೆಂಡಿನ ಅಂತರ. ಪಿಸ್ತೂಲು ಎತ್ತಿ, ಸೈಟು ಕಂಡು, 'ಟಕ್' ಎನ್ನಿಸುವುದು ಗಡುವಿನೊಳಗೆ ನಿರಾಳವಾಗಿ ಆಗುತ್ತಿದೆ ಎನಿಸಿದಾಗ ಹತ್ತನೇ ಒಂದು ಸೆಕೆಂಡು ಕಡಿಮೆ ಮಾಡಬೇಕು. ಹೀಗೆ ಇಳಿಸುತ್ತ ಹೋದಾಗ ಒಂದು ಹಂತದಲ್ಲಿ 'ಟಕ್' ಎಂದ ಕ್ಷಣವೇ ಮುಂದಿನ ಸೈಟು ಪಕ್ಕಕ್ಕೆ ಜಿಗಿಯುವುದು ಕಾಣುತ್ತದೆ. ಜಿಗಿದದ್ದು 1 ಮಿಲಿಮೀಟರೋ, 2 ಮಿಲಿಮೀಟರೋ ಎಂದು ನೋಡಿಕೊಂಡು, ಯಾವ ದೂರದ ಗುರಿಗೆ ಅದು ನಡೆದೀತು, ಯಾವುದಕ್ಕೆ ನಡೆಯದು ಎಂದು ಲೆಕ್ಕ ಹಾಕಿ ಗಡುವನ್ನು ಮತ್ತೆ ಇಟ್ಟುಕೊಳ್ಳುತ್ತಾರೆ.